ಸೋತ ತಂಡ ಯಾರದು?

ಗೆದ್ದ ತಂಡಕ್ಕೆ ಜೈಕಾರ ಹಾಕುವುದು ಸುಲಭ. ವಾರ ವಾರವೂ ಸೋಲುವ ತಂಡದ ಆಟಕ್ಕೆ ಟಿಕೆಟ್ ಕೊಂಡು ಹೋಗಿ, ಬಾಯಿತುಂಬ ಬೈದು, ಮುಂದಿನ ವಾರ ಮತ್ತೆ ಅದೇ ಜಾಗದಲ್ಲಿ ಕೂರುವುದು ಬೇರೆಯೇ ಸಂಗತಿ. ಕಲಬುರಗಿ ಸೀಮೆಯ ಜಾತ್ರೆಗಳಲ್ಲಿ ಜಂಗಿ ಕುಸ್ತಿ ನೋಡಿದವರಿಗೆ ಈ ಸಿಟ್ಟು ಅಪರಿಚಿತವಲ್ಲ. ತಮ್ಮೂರ ಪೈಲ್ವಾನ ಚಿತ್ ಆದರೆ ಊರಿಗೆ ಊರೇ ಸಿಡಿಮಿಡಿಗೊಳ್ಳುತ್ತದೆ. ‘ಅವನು ನಮ್ಮವನು’ ಎಂಬ ಹಕ್ಕೇ ಆ ಸಿಟ್ಟಿನ ಬೇರು. ಕರ್ನಾಟಕದ ಫುಟ್‌ಬಾಲ್ ಚರಿತ್ರೆಯನ್ನು ಈ ಹಕ್ಕಿನ ಕಡೆಯಿಂದ ನೋಡಿದರೆ ಒಂದು ಏಳುಬೀಳಿನ ಕಥೆ ತೆರೆದುಕೊಳ್ಳುತ್ತದೆ.

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ಬ್ರಿಟಿಷ್ ಸೈನಿಕರ ಜೊತೆಗೆ, ದಂಡು ಪ್ರದೇಶದ ಮೈದಾನಗಳಿಗೆ. ಕೆಲವೇ ದಶಕಗಳಲ್ಲಿ ಸ್ಥಳೀಯರು ಅದನ್ನು ತಮ್ಮದಾಗಿಸಿಕೊಂಡರು. 1891ರಲ್ಲಿ ಮುಂಬೈಯಲ್ಲಿ ಆರಂಭವಾದ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಸೇನಾ ತಂಡಗಳ ಸೊತ್ತಾಗಿತ್ತು. ಅದನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಇದೇ ತಂಡದ ಪಾಲಾಯಿತು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47, 1952-53, 1967-68 ಹಾಗೂ 1968-69ರಲ್ಲಿ, ಒಟ್ಟು ನಾಲ್ಕು ಬಾರಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 1-2ರಿಂದ ಸೋತಿತು. ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚ ಪಾಂಡವ’ರಲ್ಲಿ ಒಬ್ಬರಾಗಿ ಹೆಸರಾದರು. ಪ್ರತಿಭೆ ಇಲ್ಲಿ ಹುಟ್ಟಿ, ಅಲ್ಲಿ ಬೆಳಗಿತು.

ಉಳಿದವರನ್ನು ಊರಿನಲ್ಲೇ ಹಿಡಿದಿಟ್ಟದ್ದು ಕಾರ್ಖಾನೆಗಳು. 1940ರಲ್ಲಿ ಸ್ಥಾಪನೆಯಾದ ಎಚ್‌ಎಎಲ್, 1948ರಲ್ಲಿ ಬಂದ ಐಟಿಐ ಮೊದಲಾದ ಸಂಸ್ಥೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಬಡ ಕುಟುಂಬದ ಹುಡುಗನಿಗೆ ಕಾಲ್ಚಳಕವೇ ಕಾಯಂ ಸಂಬಳದ ದಾರಿಯಾಯಿತು. ಇದು ಸಣ್ಣ ಉಪಕಾರವೇನಲ್ಲ. ಆದರೆ ತಂಡದ ಖರ್ಚನ್ನು ಕಂಪೆನಿಯೇ ಭರಿಸುತ್ತಿದ್ದುದರಿಂದ, ಪ್ರೇಕ್ಷಕ ಬಂದರೂ ಬಾರದಿದ್ದರೂ ತಂಡ ನಡೆಯುತ್ತಿತ್ತು. ತಂಡ ಸೋತಾಗ ಅಭಿಮಾನಿ ಯಾರನ್ನು ಕೇಳಬೇಕು? ಕೇಳುವ ಬಾಗಿಲೇ ಇಲ್ಲದ ಕಡೆ ಸಿಟ್ಟು ನಿಧಾನವಾಗಿ ನಿರಾಸಕ್ತಿಯಾಗುತ್ತದೆ.

1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾಯಿತು. ಐಟಿಐ, ಎಚ್‌ಎಎಲ್ ಎರಡೂ ಅದರಲ್ಲಿ ಆಡಿದವು, ನೆಲೆಯೂರಲಿಲ್ಲ. 2007ರಲ್ಲಿ ಅದರ ಬದಲು ಐ-ಲೀಗ್ ಬಂತು. ಕ್ಲಬ್ಬುಗಳು ಪ್ರತ್ಯೇಕ ಸಂಸ್ಥೆಗಳಾಗಿ ನೋಂದಾಯಿತವಾಗಬೇಕು, ಕಿರಿಯರ ತಂಡಗಳನ್ನು ಬೆಳೆಸಬೇಕು ಎಂಬ ಏಷ್ಯನ್ ಒಕ್ಕೂಟದ ಷರತ್ತುಗಳು ಬಿಗಿಯಾದವು. ಇಲಾಖಾ ತಂಡಗಳಿಗೆ ಇದು ಎಟುಕದ ಮಾತು. ದೇಶದಲ್ಲಿ ಮಹೀಂದ್ರಾ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. 2010ರಲ್ಲಿ ಎರಡನೇ ದರ್ಜೆಯಿಂದ ಮೇಲೇರಿದ ಎಚ್‌ಎಎಲ್ 2011-12ರಲ್ಲಿ ಕೊನೆಯ ಸ್ಥಾನ ಪಡೆದು ಹಿಂಬಡ್ತಿ ಹೊಂದಿತು.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗ ಗ್ಯಾಲರಿಗೆ ಮತ್ತೆ ಹಾಡು, ಕೂಗು ತಂದಿತು. 2023-24ರ ಐಎಸ್‌ಎಲ್‌ನಲ್ಲಿ ಹನ್ನೆರಡು ತಂಡಗಳ ಪೈಕಿ ಹತ್ತನೆಯದಾದಾಗ ಅಭಿಮಾನಿಗಳ ಸಹನೆಗೂ ಪರೀಕ್ಷೆ ಬಂತು. ಆದರೆ ಆ ಲೀಗಿನಲ್ಲಿ ಹಿಂಬಡ್ತಿಯ ಭಯವಿರಲಿಲ್ಲ. ಆ ಭಯ ನಿಜವಾಗಿ ಕಾಡಿದ್ದು ಕೆಳಗಿನ ದರ್ಜೆಯಲ್ಲಿ. 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿದ ಎಸ್‌ಸಿ ಬೆಂಗಳೂರು, ಮರು ಋತುವಿನಲ್ಲೇ ಮತ್ತೆ ಕೆಳಗಿಳಿಯಿತು.

ಇಂಗ್ಲೆಂಡಿನಲ್ಲಿ ಕೆಳದರ್ಜೆಯ ಕ್ಲಬ್ಬಿನ ಅಭಿಮಾನಿಗಳು ಈ ಹತಾಶೆಗೆ ಬೇರೆ ದಾರಿ ಹುಡುಕಿದ್ದಾರೆ. 1988ರಲ್ಲಿ ಎಫ್‌ಎ ಕಪ್ ಗೆದ್ದಿದ್ದ ವಿಂಬಲ್ಡನ್ ತಂಡವನ್ನು ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು 2002ರಲ್ಲಿ ಅನುಮತಿ ದೊರೆತಾಗ, ಅಭಿಮಾನಿಗಳು ತಾವೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ಒಂಬತ್ತನೇ ದರ್ಜೆಯಿಂದ ಹೊರಟ ಈ ಕ್ಲಬ್ 2011ರಲ್ಲಿ ಫುಟ್‌ಬಾಲ್ ಲೀಗ್ ಸೇರಿತು. ಎಲ್ಲರ ಪಾಡೂ ಹೀಗಾಗಲಿಲ್ಲ. 1885ರಲ್ಲಿ ಸ್ಥಾಪನೆಯಾಗಿ ಎರಡು ಬಾರಿ ಎಫ್‌ಎ ಕಪ್ ಗೆದ್ದಿದ್ದ ಬರಿ ಕ್ಲಬ್ಬನ್ನು ಹಣಕಾಸಿನ ಮುಗ್ಗಟ್ಟಿನ ಕಾರಣ 2019ರಲ್ಲಿ ಲೀಗಿನಿಂದ ಹೊರಹಾಕಲಾಯಿತು. ಮಾಲೀಕರ ಲೆಕ್ಕ ತಪ್ಪಿದಾಗ ನಷ್ಟವಾಗುವುದು ಊರಿಗೇ ಎಂಬುದಕ್ಕೆ ಇದು ನಿದರ್ಶನ.

ಕರ್ನಾಟಕದಲ್ಲಿ ಆಟದ ಬೇರು ಒಣಗಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿದ ರಾಜ್ಯ ತಂಡ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಮರಳಿ ತಂದಿತು. ಆಟಗಾರರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಕ್ಲಬ್ಬುಗಳ ಲಗಾಮು ಮೊದಲು ಕಾರ್ಖಾನೆಗಳ ಕೈಯಲ್ಲಿತ್ತು, ಈಗ ಉದ್ಯಮಿಗಳ ಕೈಯಲ್ಲಿದೆ. ಗ್ಯಾಲರಿಯಲ್ಲಿ ಕುಳಿತು ಬೈಯುವವನಿಗೆ ಆಡಳಿತದಲ್ಲೂ ಒಂದು ಮಾತಿನ ಪಾಲು ಸಿಗುವವರೆಗೆ, ತಂಡವೊಂದು ಮುಚ್ಚುವ ಸುದ್ದಿ ಅವನಿಗೆ ತಿಳಿಯುವುದು ಎಲ್ಲರಿಗಿಂತ ಕೊನೆಯಲ್ಲೇ.