ಹಳೆಯ ಬೆಳ್ಳಿ, ಹೊಸ ಅಚ್ಚು: ಮರುಟಂಕಿತ ನಾಣ್ಯಗಳು

ಚಲಾವಣೆಯಲ್ಲಿದ್ದ ಹಳೆಯ ನಾಣ್ಯವನ್ನು ಕರಗಿಸದೆ, ಅದರ ಮೇಲೆಯೇ ಬೇರೊಬ್ಬ ಅರಸನ ಅಥವಾ ಊರಿನ ಅಚ್ಚನ್ನು ಒತ್ತಿದರೆ ಅದು ಮರುಟಂಕಿತ ನಾಣ್ಯ. ಪ್ರಾಚೀನ ಗ್ರೀಕ್ ನಗರಗಳಲ್ಲಿ ಈ ರೂಢಿ ವ್ಯಾಪಕವಾಗಿತ್ತು. ಭಾರತದಲ್ಲಿ ಇದರ ಹೆಸರಾಂತ ಉದಾಹರಣೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯ ಬೆಳ್ಳಿ ನಾಣ್ಯಗಳು. ಆ ಮನೆತನದ ಇತಿಹಾಸ ಬನವಾಸಿಗೂ ಇಂದಿನ ಶಿವಮೊಗ್ಗ ಜಿಲ್ಲೆಗೂ ತಳುಕು ಹಾಕಿಕೊಂಡಿದೆ.

ಟಂಕಿಸುವ ಬಗೆ

ಕೆಳಗಿನ ಅಚ್ಚನ್ನು ಅಡಿಗಲ್ಲಿನಲ್ಲಿ ಭದ್ರವಾಗಿ ಕೂರಿಸಿ, ಅದರ ಮೇಲೆ ಬೆಳ್ಳಿಯ ಬಿಲ್ಲೆ ಇಟ್ಟು, ಮೇಲಿನ ಅಚ್ಚಿನ ತಲೆಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಮರುಟಂಕದಲ್ಲಿ ಬಿಲ್ಲೆಯ ಬದಲು ಹಳೆಯ ನಾಣ್ಯ ಇರುತ್ತದೆ. ಪೆಟ್ಟು ತಿಂದ ಲೋಹ ಗಡುಸಾಗುತ್ತದೆ, ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಹಳೆಯ ನಾಣ್ಯವನ್ನು ಚೆನ್ನಾಗಿ ಕಾಯಿಸಿ ಬಲವಾಗಿ ಹೊಡೆದರೆ ಮೊದಲಿನ ಚಿತ್ರ ಬಹುಮಟ್ಟಿಗೆ ಅಳಿಯುತ್ತದೆ. ಕಾವು ಸಾಲದಿದ್ದರೆ ಅಥವಾ ಪೆಟ್ಟು ಓರೆಯಾದರೆ ಹಳೆಯ ಅಕ್ಷರ, ಮೂಗು, ಗಲ್ಲ ಹೊಸ ಚಿತ್ರದ ನಡುವೆ ಇಣುಕುತ್ತವೆ. ವಿದ್ವಾಂಸರು ಹುಡುಕುವುದು ಈ ಉಳಿಕೆಯನ್ನೇ.

ಗ್ರೀಕರಲ್ಲಿ

ದಕ್ಷಿಣ ಇಟಲಿಯ ಗ್ರೀಕ್ ನಗರಗಳಿಗೆ ಸ್ವಂತ ಬೆಳ್ಳಿ ಸಾಲುತ್ತಿರಲಿಲ್ಲ. ಅಲ್ಲಿನ ಮೆಟಪಾಂಟಮ್, ವ್ಯಾಪಾರದಿಂದ ಬಂದ ಕೊರಿಂತ್ ನಗರದ ರೆಕ್ಕೆಕುದುರೆಯ ನಾಣ್ಯಗಳ ಮೇಲೆ ತನ್ನ ಜವೆಗೋಧಿ ತೆನೆಯನ್ನು ಒತ್ತಿತು. ಕ್ರೀಟ್ ದ್ವೀಪದ ನಗರಗಳು ಆಫ್ರಿಕದ ಕರಾವಳಿಯ ಸಿರೀನಿಯ ನಾಣ್ಯಗಳನ್ನು ಹೀಗೆಯೇ ತಮ್ಮದಾಗಿಸಿಕೊಂಡವು. ಕರಗಿಸಿ, ತೂಗಿ, ಹೊಸ ಬಿಲ್ಲೆ ಎರಕ ಹೊಯ್ಯುವ ಖರ್ಚು ಇದರಿಂದ ಉಳಿಯುತ್ತಿತ್ತು. ಹೊರಗಿನ ಹಣ ಒಂದೇ ಪೆಟ್ಟಿಗೆ ಊರಿನ ಹಣವಾಗುತ್ತಿತ್ತು.

ದ್ರಮ್ಮ ಭಾರತಕ್ಕೆ ಬಂದದ್ದು

ವಾಯವ್ಯ ಭಾರತವನ್ನಾಳಿದ ಅಪೊಲೊಡೊಟಸ್, ಮೆನಾಂಡರ್ ಮೊದಲಾದ ಗ್ರೀಕ್ ದೊರೆಗಳ ದ್ರಮ್ಮ ಎಂಬ ಬೆಳ್ಳಿ ನಾಣ್ಯಗಳು ಬಹುಕಾಲ ಬಾಳಿದವು. ಭರೂಚ್ ಬಂದರಿನಲ್ಲಿ ಅವು ಇನ್ನೂ ಚಲಾವಣೆಯಲ್ಲಿವೆ ಎಂದು ಕ್ರಿ.ಶ. 1ನೇ ಶತಮಾನದ ಗ್ರೀಕ್ ಕಡಲಪಯಣದ ಕೈಪಿಡಿ 'ಪೆರಿಪ್ಲಸ್' ಹೇಳುತ್ತದೆ. ಪಶ್ಚಿಮ ಭಾರತದ ಕ್ಷಹರಾತ ವಂಶದ ದೊರೆ ನಹಪಾನ ಇದೇ ಪರಂಪರೆಯಲ್ಲಿ, ಸುಮಾರು ಎರಡು ಗ್ರಾಂ ತೂಕದ ಬೆಳ್ಳಿ ನಾಣ್ಯ ಹೊರಡಿಸಿದ. ಒಂದು ಬದಿಯಲ್ಲಿ ಅವನ ಮುಖ, ಸುತ್ತಲೂ ಗ್ರೀಕ್ ಲಿಪಿಯಲ್ಲಿ ಬರೆದ ಪ್ರಾಕೃತ. ಇನ್ನೊಂದು ಬದಿಯಲ್ಲಿ ಬಾಣ, ವಜ್ರಾಯುಧ, ಜೊತೆಗೆ ಬ್ರಾಹ್ಮಿ ಮತ್ತು ಖರೋಷ್ಠಿ ಬರಹ.

ಜೋಗಲ್‌ಥೆಂಬಿಯ ನಿಧಿ

1906ರಲ್ಲಿ ನಾಶಿಕ ಜಿಲ್ಲೆಯ ಜೋಗಲ್‌ಥೆಂಬಿಯಲ್ಲಿ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ದೊರೆಯಿತು. ಎಲ್ಲವೂ ಮೂಲದಲ್ಲಿ ನಹಪಾನನವು. ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ಶಾತಕರ್ಣಿಯ ಅಚ್ಚು ಬಿದ್ದಿತ್ತು. ಒಂದು ಬದಿಗೆ ಮೂರು ಕಮಾನಿನ ಬೆಟ್ಟ, ಅದರಡಿ ಅಲೆಗೆರೆ, ದೊರೆಯ ಹೆಸರು. ಮತ್ತೊಂದು ಬದಿಗೆ ನಾಲ್ಕು ವರ್ತುಲಗಳ ಉಜ್ಜಯಿನಿ ಚಿಹ್ನೆ.

ನಾಶಿಕದ ಗುಹಾಶಾಸನದಲ್ಲಿ ಗೌತಮೀಪುತ್ರನ ತಾಯಿ ಗೌತಮಿ ಬಲಶ್ರೀ ತನ್ನ ಮಗ ಕ್ಷಹರಾತರನ್ನು ನಿರ್ಮೂಲ ಮಾಡಿದನೆಂದು ಹೇಳಿಸಿದ್ದಾಳೆ. ತಾಯಿಯ ಮಾತಿನಲ್ಲಿ ಹೊಗಳಿಕೆ ಇರಬಹುದು ಎಂದು ಶಂಕಿಸಲು ಅವಕಾಶವಿತ್ತು. ಈ ನಿಧಿಯ ಬಳಿಕ ನಹಪಾನನ ಸಂಪತ್ತು ಶಾತವಾಹನರ ಕೈಸೇರಿದ್ದು ಖಚಿತವಾಯಿತು. ನಾಣ್ಯದ ಮೇಲೆ ಬಿದ್ದ ಹೊಸ ಚಿತ್ರ ಅಡಿಯ ಚಿತ್ರಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಇಸವಿ ಬರೆಯದ ಕಾಲದ ಇತಿಹಾಸಕ್ಕೆ ಇಂಥ ಗಟ್ಟಿ ಸಾಕ್ಷ್ಯ ಅಪರೂಪ.

ಮಳವಳ್ಳಿಯ ಕಂಬ

ಗೌತಮೀಪುತ್ರನ ಆಳ್ವಿಕೆಯ 18ನೇ ವರ್ಷದ ನಾಶಿಕ ಶಾಸನ 'ವೈಜಯಂತಿ'ಯ ಸೇನಾ ಶಿಬಿರದಿಂದ ಹೊರಟ ಆಜ್ಞೆ. ವೈಜಯಂತಿಯನ್ನು ಬನವಾಸಿ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ನಹಪಾನನ ಅಳಿಯ ಋಷಭದತ್ತ ಅನುಭವಿಸುತ್ತಿದ್ದ 200 ನಿವರ್ತನ (ಆ ಕಾಲದ ನೆಲದ ಅಳತೆ) ಹೊಲವನ್ನು ಭಿಕ್ಷುಗಳಿಗೆ ಕೊಡಿಸುವುದು ಆ ಆಜ್ಞೆ. ಅಂದರೆ ನಾಣ್ಯದಂತೆ ಹೊಲವೂ ಹೊಸ ದೊರೆಯ ಅಧೀನಕ್ಕೆ ಬಂತು.

ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದಲ್ಲಿಯೂ ಇದೇ ಕ್ರಮ ಕಾಣುತ್ತದೆ. ಮೊದಲು ಚುಟುಕುಲದ ಶಾತಕರ್ಣಿ ಎಂಬ ಬೇರೊಬ್ಬ ದೊರೆ ಮಳಪಳಿ ದೇವರಿಗೆ ಕೊಟ್ಟ ದತ್ತಿಯ ಪ್ರಾಕೃತ ಶಾಸನ. ಅದೇ ಕಂಬದ ಮೇಲೆ, ಕೈಬಿಟ್ಟುಹೋಗಿದ್ದ ದತ್ತಿಯನ್ನು ಮರಳಿ ಕೊಟ್ಟ ಕದಂಬ ದೊರೆಯ ಶಾಸನ. ಕದಂಬರು ಹಿಂದಿನವರ ಅಕ್ಷರವನ್ನು ಕೆತ್ತಿ ತೆಗೆಯಲಿಲ್ಲವಾದ್ದರಿಂದ ಎರಡೂ ಆಳ್ವಿಕೆಗಳ ಸರದಿ ನಮಗೆ ಸಿಕ್ಕಿದೆ.

ಬಿದನೂರಿನ ವರಹ

ಕೆಳದಿ ನಾಯಕರ ಚಿನ್ನದ ಇಕ್ಕೇರಿ ವರಹದ ಒಂದು ಮುಖದಲ್ಲಿ ಶಿವಪಾರ್ವತಿ, ಇನ್ನೊಂದರಲ್ಲಿ ನಾಗರಿಯಲ್ಲಿ 'ಶ್ರೀ ಸದಾಶಿವ'. 1763ರಲ್ಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ ಹೈದರಾಲಿ ಶಿವಪಾರ್ವತಿಯರನ್ನು ಹಾಗೆಯೇ ಇಟ್ಟು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಹಾಕಿಸಿದ. ಇವು ಹೊಸದಾಗಿ ಟಂಕಿಸಿದವು, ಮರುಟಂಕಿತವಲ್ಲ. ಆದರೂ ಕಾರಣ ಹತ್ತಿರದ್ದು. ಸಂತೆಯಲ್ಲಿ ಜನ ನಂಬುವುದು ಪರಿಚಿತ ತೂಕವನ್ನು, ಪರಿಚಿತ ರೂಪವನ್ನು. ಗೆದ್ದವರು ಆ ನಂಬಿಕೆಯನ್ನು ಕೆಡಿಸದೆ ತಮ್ಮ ಗುರುತು ಸೇರಿಸುತ್ತಾರೆ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಶಿವಪಾರ್ವತಿಯೇ ಮತ್ತೆ ಕಾಣಿಸಿಕೊಂಡರು.

ನೋಡುವ, ಕಾಪಾಡುವ ಕ್ರಮ

ಮರುಟಂಕಿತ ನಾಣ್ಯವನ್ನು ಒಂದೇ ಕಡೆಯಿಂದ ಬೆಳಕು ಬೀಳುವಂತೆ ಹಿಡಿದು, ಭೂತಗನ್ನಡಿಯಡಿ ನಿಧಾನವಾಗಿ ತಿರುಗಿಸಬೇಕು. ಒಂದಕ್ಕೊಂದು ಹೊಂದದ ಗೆರೆ, ಅರ್ಧ ಅಕ್ಷರ, ಎರಡು ಅಂಚುಗಳು ಕಂಡರೆ ಕೆಳಗೆ ಹಳೆಯ ಚಿತ್ರವಿದೆ ಎಂದರ್ಥ. ಹುಣಸೆಹುಳಿ, ಬೂದಿ, ಆಮ್ಲ ಹಚ್ಚಿ ತಿಕ್ಕಿದರೆ ಮೊದಲು ಹೋಗುವುದು ಈ ತೆಳುವಾದ ಉಳಿಕೆಯೇ. ಚಿನಿವಾರರ ಮೂಸೆಗೆ ಹೋದರೆ ಏನೂ ಉಳಿಯದು. ನೆಲ ಅಗೆಯುವಾಗ ನಾಣ್ಯ ಸಿಕ್ಕರೆ ಸಿಕ್ಕ ಸ್ಥಿತಿಯಲ್ಲೇ ಇಟ್ಟು, ಜಾಗವನ್ನು ಗುರುತು ಮಾಡಿ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ಹೀಗೆ ತಿಳಿಸುವುದನ್ನು ಕಾನೂನೂ ಕೇಳುತ್ತದೆ.

ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯ, ಸಾಗರ ತಾಲ್ಲೂಕಿನ ಕೆಳದಿ ವಸ್ತುಸಂಗ್ರಹಾಲಯ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ ಶಿವಮೊಗ್ಗ ಜಿಲ್ಲೆಯವರ ಕೈಗೆಟಕುವ ದೂರದಲ್ಲಿವೆ. ನಾಣ್ಯದ ಬೆಳ್ಳಿಗೆ ಅಂಗಡಿಯಲ್ಲಿ ಬೆಲೆ ಕಟ್ಟಬಹುದು; ಅದರ ಮೇಲೆ ಎರಡು ಆಳ್ವಿಕೆಗಳು ಬಿಟ್ಟ ಗುರುತನ್ನು ಓದಬಲ್ಲವರ ಬಳಿಗೆ ಅದು ತಲುಪಬೇಕು.