ಚುಕ್ಕಿಯ ಒಡೆಯ ಯಾರು? ಸೀನ್ ಗ್ರಾಫ್‌ನ ಮೂಲ ಮತ್ತು ಇಳಕಲ್ ಮಗ್ಗದ ಮೇಲೆ ಹೊರಿಸಿದ ಹೆಗ್ಗಳಿಕೆ

ಪರದೆಯ ಮೇಲೆ ಮುಟ್ಟಿದರೆ ಓಗೊಡುವ ಚಿತ್ರಗಳ ಚರಿತ್ರೆಯನ್ನು ಮಗ್ಗದಿಂದ ಆರಂಭಿಸುವುದು ಈಗ ರೂಢಿಯಾಗಿಬಿಟ್ಟಿದೆ. ಲಿಯೋನಿನ ಜಕಾರ್ಡ್ 1804ರ ಹೊತ್ತಿಗೆ ತೂತಿನ ಕಾರ್ಡುಗಳಿಂದ ನೇಯ್ಗೆ ನಡೆಸಿದ, ಹಾಗಾಗಿ ಕಂಪ್ಯೂಟರ್ ಚಿತ್ರದ ಮೂಲವೂ ಅಲ್ಲೇ ಎಂಬುದು ವಾದ. ನಮ್ಮ ಜಿಲ್ಲೆಯ ಅಭಿಮಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಳಕಲ್ ಸೀರೆಯ ತೋಪುತೆನೆ ಸೆರಗಿನಲ್ಲೇ ಸೀನ್ ಗ್ರಾಫನ್ನು, ಅಂದರೆ ಚಿತ್ರದ ಭಾಗಗಳನ್ನು ಒಂದರ ಅಧೀನದಲ್ಲಿ ಇನ್ನೊಂದಿಟ್ಟು ಜೋಡಿಸುವ ರಚನೆಯನ್ನು, ಕಾಣುತ್ತದೆ. ಎದುರು ಪಕ್ಷದವರು ಪಾಲ್ ಸ್ಟ್ರಾಸ್ ಮತ್ತು ರಿಕ್ ಕ್ಯಾರಿ 1992ರ ಸಿಗ್ರಾಫ್ ಸಮ್ಮೇಳನದಲ್ಲಿ ಮಂಡಿಸಿದ, ಇನ್ವೆಂಟರ್ ಎಂಬ ಗ್ರಾಫಿಕ್ಸ್ ಸಲಕರಣೆಯ ಪ್ರಬಂಧದಿಂದಾಚೆಗೆ ಹಿಂದಕ್ಕೆ ನೋಡುವುದೇ ಇಲ್ಲ. ಎರಡೂ ಪಕ್ಷ ತಪ್ಪಿವೆ.

ಸೆರಗಿನ ವಾದವನ್ನು ಮೊದಲು ಮುಗಿಸಿಬಿಡೋಣ. ಇಳಕಲ್ಲಿನಲ್ಲಿ ಸೀರೆಯ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ; ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ನೇಕಾರರ ಕೈಚಳಕಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಅದು ಸರಿಸಮ ಕೂಡಿಕೆ. ಒಂದರ ಅಧೀನದಲ್ಲಿ ಇನ್ನೊಂದಿಲ್ಲ. ಕೊಂಡಿ ಕಂಡಲ್ಲೆಲ್ಲ ಸೀನ್ ಗ್ರಾಫ್ ಎನ್ನುವುದಾದರೆ ಮನೆಯ ಬಾಗಿಲ ಚಿಲಕವನ್ನೂ ಸೇರಿಸಬೇಕಾದೀತು. ಜಕಾರ್ಡ್ ಕಾರ್ಡಿಗೂ ಇದೇ ಕೊರತೆ: ಒಂದು ಹೊಕ್ಕಿಗೆ ಯಾವ ಎಳೆ ಏಳಬೇಕೆಂಬುದಷ್ಟೇ ಅದಕ್ಕೆ ಗೊತ್ತು, ಎದ್ದ ಎಳೆ ಯಾವ ಹೂವಿನದೆಂಬುದು ಗೊತ್ತಿಲ್ಲ. ಈ ವಿಷಯದಲ್ಲಿ ಕಸೂತಿಯೇ ಹೆಚ್ಚು ಹತ್ತಿರದ್ದು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಎಳೆ ಎಣಿಸಿ ಹಾಕುವ ಹೆಣ್ಣುಮಗಳಿಗೆ ಗೋಪುರವೆಂದರೆ ಬಿಡಿ ಹೊಲಿಗೆಗಳಲ್ಲ, ಇಡಿಯಾದ ಒಂದು ವಸ್ತು. ಗವಂತಿ ಹೊಲಿಗೆಯಲ್ಲಿ ಹೋಗುವ ದಾರ ಬಿಟ್ಟ ಜಾಗವನ್ನು ಬರುವ ದಾರ ತುಂಬುವುದು ಆ ಅರಿವಿನಿಂದಲೇ. ಆದರೂ ಒಂದು ಗೋಪುರ ಬಿಚ್ಚಿ ಹಾಕಿದರೆ ಉಳಿದವು ತಾವಾಗಿ ಬದಲಾಗುವುದಿಲ್ಲ. ಅರಿವು ಆಕೆಯ ತಲೆಯಲ್ಲಿದೆ, ಬಟ್ಟೆಯಲ್ಲಿಲ್ಲ.

ಮೂಲ ಹೇಳಲು ಲಿಖಿತ ಆಧಾರ ಬೇಕು. ಬಾದಾಮಿಯ ಮೂರನೆಯ ಗುಹೆಯ ಕಾಲವನ್ನು ನಾವು ಊಹೆಯಿಂದ ಹೇಳುವುದಿಲ್ಲ, ಕ್ರಿ.ಶ. 578ರ ಶಾಸನ ಅಲ್ಲೇ ಇದೆ. ಸೀನ್ ಗ್ರಾಫ್‌ಗೂ ಅಂಥ ಲಿಖಿತ ಆಧಾರವುಂಟು: ಐವನ್ ಸದರ್ಲೆಂಡ್ 1963ರ ಜನವರಿಯಲ್ಲಿ ಎಂಐಟಿಗೆ ಒಪ್ಪಿಸಿದ, ಸ್ಕೆಚ್‌ಪ್ಯಾಡ್ ಎಂಬ ಚಿತ್ರ ಬರೆಯುವ ಪ್ರೋಗ್ರಾಂ ಕುರಿತ ಮಹಾಪ್ರಬಂಧ. ಎಲ್ಲರೂ ಅದನ್ನು ಹೆಸರಿಸುತ್ತಾರೆ, ಬೆಳಕಿನ ಪೆನ್ನು ಹಿಡಿದ ಫೋಟೋವನ್ನೂ ಅಚ್ಚು ಹಾಕುತ್ತಾರೆ. ಪರದೆಗೆ ಚುಕ್ಕಿಗಳನ್ನು ಕಳಿಸುವ ಪಟ್ಟಿಯ ವಿವರಣೆಯನ್ನು ಮಾತ್ರ ಓದಿದಂತೆ ಕಾಣುವುದಿಲ್ಲ. ನನ್ನ ವಾದವೆಲ್ಲ ನಿಂತಿರುವುದು ಆ ವಿವರಣೆಯ ಮೇಲೆ.

ಸ್ಕೆಚ್‌ಪ್ಯಾಡ್ ಓಡುತ್ತಿದ್ದ ಟಿಎಕ್ಸ್-2 ಯಂತ್ರದಲ್ಲಿ ಸ್ಮೃತಿಯ ಒಂದು ಪದಕ್ಕೆ 36 ಬಿಟ್. ಒಂದು ಚುಕ್ಕಿ ಪರದೆಯ ಮೇಲೆ ಎಲ್ಲಿ ಮೂಡಬೇಕೆಂದು ಹೇಳಲು 20 ಬಿಟ್ ಸಾಕು. ಉಳಿದ 16 ಬಿಟ್‌ಗಳನ್ನು ಸದರ್ಲೆಂಡ್ ಖಾಲಿ ಬಿಡಲಿಲ್ಲ. ಆ ಚುಕ್ಕಿಗೆ ಕಾರಣವಾದ ಗೆರೆಯದೋ ಆಕೃತಿಯದೋ ದಾಖಲೆ ಸ್ಮೃತಿಯಲ್ಲಿ ಎಲ್ಲಿದೆ ಎಂಬ ವಿಳಾಸವನ್ನು ಅಲ್ಲಿ ಬರೆದ. ಪೆನ್ನಿಗೆ ಚುಕ್ಕಿ ಕಂಡ ಕೂಡಲೇ ಅದರ ಒಡೆಯ ಯಾರೆಂದು ಯಂತ್ರಕ್ಕೆ ತಿಳಿಯುತ್ತಿತ್ತು. ಇದು ಬರೀ ಜಾಗ ಉಳಿಸುವ ಜಾಣತನ ಎನ್ನುವವರಿಗೆ ಒಂದೇ ಪ್ರಶ್ನೆ. ಮಿನುಗಾಟದ ಕಿರಿಕಿರಿ ತಗ್ಗಿಸಲು ಚುಕ್ಕಿಗಳ ಕ್ರಮವನ್ನು ಕಲಸಿ ತೋರಿಸುವ ಏರ್ಪಾಡೂ ಅದೇ ಯಂತ್ರದಲ್ಲಿತ್ತು. ಕ್ರಮವೇ ಕಲಸಿಹೋದ ಮೇಲೆ, ಆ ವಿಳಾಸವಿಲ್ಲದೆ ಚುಕ್ಕಿ ಯಾರದೆಂದು ಹೇಳುವುದು ಹೇಗೆ?

ಆಕೃತಿಯೊಳಗೆ ಆಕೃತಿ ಇಡುವ ವ್ಯವಸ್ಥೆಯೂ ಅಲ್ಲಿದೆ. ಮೂಲ ಚಿತ್ರವೊಂದನ್ನು ತಿದ್ದಿದರೆ ಅದರ ಪ್ರತಿರೂಪಗಳೆಲ್ಲ ತಿದ್ದಿಕೊಳ್ಳುತ್ತವೆ. ಷಟ್ಕೋನಗಳ ಜಾಲವನ್ನು ಮೀನಿನ ಪೊರೆಯಂಥ ವಿನ್ಯಾಸವಾಗಿ ಮಾಡಿ ತೋರಿಸಿದ್ದು ಹೀಗೆ. ಒಂದೊಂದು ಪ್ರತಿರೂಪಕ್ಕೂ ನಾಲ್ಕೇ ಸಂಖ್ಯೆ: ಎರಡು ಸ್ಥಾನಕ್ಕೆ, ಎರಡು ಅಳತೆ ಮತ್ತು ತಿರುವಿಗೆ. ಹಾಗಾಗಿ ಒಂದೇ ದಿಕ್ಕಿಗೆ ಎಳೆದು ಉದ್ದ ಮಾಡಲು ಬರುತ್ತಿರಲಿಲ್ಲ. (ಈ ಮಿತಿಯನ್ನೇ ಹಿಡಿದು ಸ್ಕೆಚ್‌ಪ್ಯಾಡನ್ನು ತಳ್ಳಿಹಾಕುವವರು, ಮೊದಲ ರೈಲಿಗೆ ಮಲಗುವ ಬೋಗಿ ಇರಲಿಲ್ಲವೆಂದು ಅದನ್ನು ರೈಲೇ ಅಲ್ಲ ಅನ್ನುವ ಪೈಕಿ.)

ಪರದೆಯ ಮೇಲೆ ಮುಟ್ಟಬಹುದಾದ ಚಿತ್ರ ಮಾಡಲು ಇಂದು ಬಳಸುವ ಕೊನ್ವಾ ಎಂಬ ಸಾಫ್ಟ್‌ವೇರ್ ಲೈಬ್ರರಿಯನ್ನು ಬಿಚ್ಚಿ ನೋಡಿ. ಕಾಣುವ ಕ್ಯಾನ್ವಾಸ್‌ನ ಬೆನ್ನಿಗೆ ಕಾಣದ ಇನ್ನೊಂದಿದೆ. ಅದರಲ್ಲಿ ಪ್ರತಿ ಆಕೃತಿಗೂ ಅದಕ್ಕೇ ಮೀಸಲಾದ ಒಂದು ಬಣ್ಣ. ಬೆರಳು ಮುಟ್ಟಿದ ಬಿಂದುವಿನ ಬಣ್ಣ ಓದಿದರೆ ಆಕೃತಿ ಸಿಕ್ಕಿತು. 16 ಬಿಟ್‌ನ ವಿಳಾಸವೇ ಇಲ್ಲಿ ಬಣ್ಣದ ವೇಷದಲ್ಲಿದೆ. ಒಂದು ವ್ಯತ್ಯಾಸವನ್ನು ಮಾತ್ರ ಮುಚ್ಚಿಡಬಾರದು: ಸ್ಕೆಚ್‌ಪ್ಯಾಡ್ ಎಲ್ಲಕ್ಕಿಂತ ಹೊರಗಿನ ಪ್ರತಿರೂಪವನ್ನು ಒಡೆಯನೆಂದು ಗುರುತಿಸುತ್ತಿತ್ತು, ಕೊನ್ವಾ ಒಳಗಿನ ಆಕೃತಿಯನ್ನು ಹಿಡಿದು, ಸುದ್ದಿಯನ್ನು ಅದರ ಗುಂಪಿಗೆ, ಗುಂಪಿನಿಂದ ಮೇಲಕ್ಕೆ ಮುಟ್ಟಿಸುತ್ತದೆ. ಸೆರಗಿನ ಮೇಲಿನ ಒಂದು ತೇರನ್ನು ಮುಟ್ಟಿದಾಗ ತೇರಷ್ಟೇ ಸರಿಯಬೇಕೋ ಇಡೀ ಸೆರಗೋ ಎಂಬುದನ್ನು ಚಿತ್ರ ಮಾಡಿದವರೇ ನಿರ್ಧರಿಸಬಹುದು.

ಹಾಗಾದರೆ 1992ರ ಪಾಲು ಏನು? ತಾಯಿ ಗುಂಪಿನ ಬಣ್ಣ, ಗೆರೆಯ ದಪ್ಪ ಮಕ್ಕಳಿಗೆ ಇಳಿದುಬರುವ ಪದ್ಧತಿ ಎನ್ನುತ್ತಾರೆ. ಅದೂ ನಿಲ್ಲದು; 1989ರಲ್ಲಿ ಐಎಸ್‌ಒ ಗ್ರಾಫಿಕ್ಸ್ ಮಾನಕವಾದ ಫಿಗ್ಸ್‌ನಲ್ಲೇ ಅದಿತ್ತು. ಸ್ಟ್ರಾಸ್ ಮತ್ತು ಕ್ಯಾರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಬೇರೆ: ಬರೀ ಚಿತ್ರಿಸುವ ಆದೇಶಗಳ ಪಟ್ಟಿಯಂತಿದ್ದುದನ್ನು ಅವರು ತನ್ನ ವರ್ತನೆಯನ್ನು ತಾನೇ ಹೊತ್ತ, ಬೇಕಾದವರು ಹೊಸ ಬಗೆ ಸೇರಿಸಿಕೊಳ್ಳಬಹುದಾದ ವಸ್ತುಗಳನ್ನಾಗಿ ಮಾಡಿದರು.