ಬಿಡುಗಡೆಯ ಹಬ್ಬವೂ ಬಿಡುಗಡೆಯ ಕಾಯಿದೆಯೂ: ಮದರಾಸು ಆಧಿಪತ್ಯದ ಕನ್ನಡ ಜಿಲ್ಲೆ

ಪ್ರತಿವರ್ಷವೂ ಜೂನ್ 19ರ ಸುಮಾರಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ವಿಶ್ವವಿದ್ಯಾಲಯಗಳ ಆವರಣಗಳಲ್ಲಿ ಒಂದು ಹಬ್ಬ ನಡೆಯುತ್ತದೆ. ಹಾಡು, ಕುಣಿತ, ಚಿತ್ರಗಳ ಮತ್ತು ಹೊಲಿಗೆಯ ಕೆಲಸಗಳ ಪ್ರದರ್ಶನ, ಹಿರಿಯರ ನೆನಪುಗಳ ನಿರೂಪಣೆ, ಕೊನೆಗೆ ಎಲ್ಲರೂ ಕೂಡಿ ಉಣ್ಣುವ ಊಟ ಇವು ಅದರ ಅಂಗಗಳು. ಊಟದಲ್ಲಿ ಕೆಂಪು ಪಾನಕವೂ ಕಲ್ಲಂಗಡಿ ಹಣ್ಣೂ ಇರುವುದು ವಾಡಿಕೆ. ಪೂರ್ವಿಕರು ಸುರಿಸಿದ ರಕ್ತದ ನೆನಪು ಆ ಕೆಂಪಿನಲ್ಲಿದೆಯೆಂದು ಹಬ್ಬ ಆಚರಿಸುವವರು ಹೇಳುತ್ತಾರೆ. ಜೂನ್ ಮತ್ತು ಹತ್ತೊಂಬತ್ತು ಎಂಬ ಎರಡು ಆಂಗ್ಲ ಪದಗಳನ್ನು ಬೆಸೆದು ಇದಕ್ಕೆ ‘ಜೂನ್‌ಟೀಂತ್’ ಎಂದು ಹೆಸರಿಟ್ಟಿದ್ದಾರೆ.

ಈ ದಿನದ ಹಿನ್ನೆಲೆ ಹೀಗಿದೆ. ಅಧ್ಯಕ್ಷ ಲಿಂಕನ್ನನ ವಿಮೋಚನಾ ಘೋಷಣೆ 1863ರ ಜನವರಿ 1ರಂದೇ ಜಾರಿಗೆ ಬಂದಿತ್ತು. ಆದರೆ ಟೆಕ್ಸಸ್ ಪ್ರಾಂತದ ಸುಮಾರು ಎರಡೂವರೆ ಲಕ್ಷ ಗುಲಾಮರ ಮಟ್ಟಿಗೆ ಅದು ಕಾಗದದ ಮೇಲಿನ ಮಾತಾಗಿಯೇ ಉಳಿದಿದ್ದಿತು. 1865ರ ಜೂನ್ 19ರಂದು ದಂಡನಾಯಕ ಗಾರ್ಡನ್ ಗ್ರೇಂಜರನು ಗ್ಯಾಲ್ವೆಸ್ಟನ್ ಬಂದರಿನಲ್ಲಿ ತನ್ನ ಮೂರನೆಯ ಸಾಮಾನ್ಯ ಆಜ್ಞೆಯನ್ನು ಹೊರಡಿಸಿದಾಗಲೇ ಅದಕ್ಕೆ ಬಲ ಬಂದುದು. ಆ ಆಜ್ಞೆಯಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಬಿಡುಗಡೆ ಹೊಂದಿದವರು ಸದ್ಯದ ಮನೆಗಳಲ್ಲಿಯೇ ಸದ್ದಿಲ್ಲದೆ ಉಳಿದು, ಹಳೆಯ ಒಡೆಯರಲ್ಲಿಯೇ ಕೂಲಿಗೆ ದುಡಿಯಬೇಕೆಂಬ ಸಲಹೆಯೂ ಅದರಲ್ಲಿದ್ದಿತು. ಹೀಗೆ ಆಜ್ಞೆ ಕೊಟ್ಟದ್ದು ಅರೆ ಬಿಡುಗಡೆ. ಅದನ್ನು ಹಬ್ಬವನ್ನಾಗಿ ಮಾಡಿದವರು ಬಿಡುಗಡೆ ಹೊಂದಿದ ಜನರೇ. 1872ರಲ್ಲಿ ಹ್ಯೂಸ್ಟನ್ ನಗರದ ಕಪ್ಪು ಜನರು ತಾವೇ ಹಣ ಕೂಡಿಸಿ, ಈ ಹಬ್ಬಕ್ಕೆಂದು ಹತ್ತು ಎಕರೆ ಭೂಮಿಯನ್ನು ಕೊಂಡರು. ರಾಷ್ಟ್ರವು ಇದನ್ನು ಸರಕಾರೀ ರಜಾದಿನವೆಂದು ಒಪ್ಪಿಕೊಂಡದ್ದು 2021ರಲ್ಲಿ, ಒಂದೂವರೆ ಶತಮಾನದ ತರುವಾಯ.

ದೂರದ ಈ ಹಬ್ಬಕ್ಕೂ ಮದರಾಸಿನ ಕನ್ನಡಿಗರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಈ ನಗರದ ಕೋಟೆಯಿಂದಲೇ ಆರಂಭವಾಗುತ್ತದೆ. 1687ರಿಂದ 1692ರವರೆಗೆ ಸೇಂಟ್ ಜಾರ್ಜ್ ಕೋಟೆಯ ಅಧಿಪತಿಯಾಗಿದ್ದವನು ಎಲಿಹು ಯೇಲ್. ಅವನ ವಿವಾಹ 1680ರಲ್ಲಿ ಕೋಟೆಯೊಳಗಿನ ಸೇಂಟ್ ಮೇರಿ ದೇವಾಲಯದಲ್ಲಿ ನಡೆಯಿತು. ಆ ಕಾಲದಲ್ಲಿ ಈ ಕರಾವಳಿಯಿಂದ ಗುಲಾಮರನ್ನು ಹಡಗು ಹತ್ತಿಸಿ ಸೇಂಟ್ ಹೆಲೆನಾ ಮೊದಲಾದ ದ್ವೀಪಗಳಿಗೆ ಸಾಗಿಸುವ ವ್ಯಾಪಾರ ನಡೆಯುತ್ತಿದ್ದಿತು. ಕೋಟೆಯ ಮಂಡಲಿ ಅದನ್ನು ಒಮ್ಮೆ ತಡೆಯುವುದು, ಮತ್ತೊಮ್ಮೆ ತಾನೇ ನಡೆಸುವುದು ಹೀಗೆ ವರ್ತಿಸಿತು. ಕ್ಷಾಮ ಬಂದಾಗ ಹಸಿದವರು ಅಗ್ಗವಾದರು, ವ್ಯಾಪಾರ ಹೆಚ್ಚಿತು. ಇಂಗ್ಲೆಂಡಿಗೆ ಮರಳಿದ ಯೇಲನು 1718ರಲ್ಲಿ ಕೊಟ್ಟ ಸರಕು ಮತ್ತು ಪುಸ್ತಕಗಳ ದಾನಕ್ಕಾಗಿ ಅಮೆರಿಕದ ಒಂದು ವಿದ್ಯಾಶಾಲೆ ಅವನ ಹೆಸರನ್ನು ಇಟ್ಟುಕೊಂಡಿತು. ಅದೇ ಇಂದಿನ ಯೇಲ್ ವಿಶ್ವವಿದ್ಯಾಲಯ. ಆ ವಿಶ್ವವಿದ್ಯಾಲಯದ ಚಿತ್ರಸಂಗ್ರಹದಲ್ಲಿ ಯೇಲನೂ ಅವನ ಕುಟುಂಬದವರೂ ಕುಳಿತಿರುವ ಒಂದು ತೈಲಚಿತ್ರವಿದೆ. ಅದರ ಬಲಬದಿಯಲ್ಲಿ ಕೊರಳಿಗೆ ಲೋಹದ ಪಟ್ಟಿ ತೊಡಿಸಿದ ಒಬ್ಬ ಕಪ್ಪು ಬಾಲಕ ಸೇವೆಗೆ ನಿಂತಿದ್ದಾನೆ. 2020ರಲ್ಲಿ ಆ ಚಿತ್ರವನ್ನು ಗೋಡೆಯಿಂದ ಇಳಿಸಿ, ಅದರ ಬಗ್ಗೆ ಸಂಶೋಧನೆ ನಡೆಸಿ, ದಾಸ್ಯದಲ್ಲಿದ್ದ ಆ ಮಗುವನ್ನೂ ಶೀರ್ಷಿಕೆಯಲ್ಲಿ ಸೇರಿಸಿ ಮತ್ತೆ ತೂಗುಹಾಕಿದರು. 2024ರಲ್ಲಿ ವಿಶ್ವವಿದ್ಯಾಲಯವು ತನ್ನ ಚರಿತ್ರೆಯಲ್ಲಿ ಗುಲಾಮಗಿರಿಗಿದ್ದ ಪಾಲಿಗಾಗಿ ಕ್ಷಮೆಯನ್ನೂ ಕೇಳಿತು.

ಕಡಲು ದಾಟಿಸಿದ ದಾಸ್ಯಕ್ಕಿಂತ ನೆಲಕ್ಕೆ ಕಟ್ಟಿಹಾಕಿದ ದಾಸ್ಯ ಈ ಆಧಿಪತ್ಯದಲ್ಲಿ ಹೆಚ್ಚು ವ್ಯಾಪಕವಾಗಿದ್ದಿತು. ಟಿಪ್ಪು ಸುಲ್ತಾನನು 1799ರಲ್ಲಿ ಮಡಿದ ಮೇಲೆ ಕನ್ನಡ ಜಿಲ್ಲೆ ಮದರಾಸು ಸರಕಾರಕ್ಕೆ ಸೇರಿತು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ಸ್ಥಿತಿಯನ್ನು ಕಂಡು ಬರೆದಿಟ್ಟಿದ್ದಾನೆ. ಅವರಿಗೆ ದೊರೆಯುತ್ತಿದ್ದುದು ಹಣವಲ್ಲ, ಅಳೆದು ಕೊಡುವ ಧಾನ್ಯ. ದಕ್ಷಿಣದ ತಾಲ್ಲೂಕುಗಳಲ್ಲಿ ಮೂಲದಾಳು, ಸಾಲದಾಳು ಎಂಬ ಭೇದವಿದ್ದಿತು. ಹುಟ್ಟಿನಿಂದಲೇ ಒಡೆಯನ ವಶನಾದವನು ಮೂಲದವನು. ಮದುವೆ ಮೊದಲಾದ ಖರ್ಚಿಗೆ ಹಣ ಪಡೆದು, ಅದಕ್ಕಾಗಿ ತನ್ನ ದುಡಿಮೆಯನ್ನು ಒತ್ತೆಯಿಟ್ಟವನು ಸಾಲದವನು. ಇವರಲ್ಲಿ ಬಹುಮಂದಿ ಇಂದು ಪರಿಶಿಷ್ಟ ಜಾತಿಗಳೆಂದು ಕರೆಯಲ್ಪಡುವ ಸಮುದಾಯಗಳವರು.

ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ತನ್ನ ವಸಾಹತುಗಳ ಗುಲಾಮಗಿರಿಯನ್ನು ರದ್ದುಗೊಳಿಸಿದಾಗ ಈಸ್ಟ್ ಇಂಡಿಯಾ ಕಂಪೆನಿಯ ಪ್ರದೇಶಗಳನ್ನು ಆ ಕಾಯಿದೆಯಿಂದ ಹೊರಗಿಟ್ಟಿತು. ಹಿಂದೂಸ್ಥಾನದ ದಾಸ್ಯ ಸೌಮ್ಯವಾದುದು, ಅದು ಮನೆತನದ ಮತ್ತು ಜಾತಿಯ ಪದ್ಧತಿ, ಅದನ್ನು ಕೆಣಕಿದರೆ ಭೂಕಂದಾಯಕ್ಕೆ ಧಕ್ಕೆಯಾದೀತು ಎಂಬ ವಾದಗಳು ಅಧಿಕಾರಿವರ್ಗದಲ್ಲಿ ಬಲವಾಗಿದ್ದುವು. ಕಾನೂನು ಆಯೋಗದ ದೀರ್ಘ ವರದಿ 1841ರಲ್ಲಿ ಸಿದ್ಧವಾಯಿತು. ಕೊನೆಗೆ 1843ರ ಏಪ್ರಿಲ್ 7ರಂದು, ಲಾರ್ಡ್ ಎಲೆನ್‌ಬರೋ ಗವರ್ನರ್ ಜನರಲ್ ಆಗಿದ್ದಾಗ, ಆ ವರ್ಷದ ಐದನೆಯ ಕಾಯಿದೆ ಅಂಗೀಕಾರವಾಯಿತು.

ಆ ಕಾಯಿದೆಯಲ್ಲಿದ್ದುವು ನಾಲ್ಕೇ ಕಲಮುಗಳು. ನ್ಯಾಯಾಲಯದ ತೀರ್ಪಿನ ಜಾರಿಗಾಗಲಿ ಕಂದಾಯದ ಬಾಕಿಗಾಗಲಿ ಯಾರನ್ನೂ ಗುಲಾಮನೆಂಬ ಕಾರಣದಿಂದ ಸರಕಾರೀ ಅಧಿಕಾರಿ ಮಾರತಕ್ಕದ್ದಲ್ಲ ಎಂಬುದು ಮೊದಲನೆಯದು. ಗುಲಾಮನ ಮೇಲಿನ ಒಡೆತನದ ಹಕ್ಕನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸತಕ್ಕದ್ದಲ್ಲ ಎಂಬುದು ಎರಡನೆಯದು. ದುಡಿದು ಗಳಿಸಿದ ಆಸ್ತಿಯನ್ನು, ಗಳಿಸಿದವನು ಗುಲಾಮನೆಂದು ಹೇಳಿ ಕಸಿದುಕೊಳ್ಳಬಾರದೆಂಬುದು ಮೂರನೆಯದು. ಸ್ವತಂತ್ರನ ಮೇಲೆ ನಡೆದರೆ ಅಪರಾಧವಾಗುವ ಕೃತ್ಯ ಗುಲಾಮನ ಮೇಲೆ ನಡೆದರೂ ಅಪರಾಧವೇ ಎಂಬುದು ನಾಲ್ಕನೆಯದು. ಮೊದಲನೆಯ ಕಲಮನ್ನು ಓದಿದವರಿಗೆ, ಅಲ್ಲಿಯವರೆಗೆ ಸರಕಾರವೇ ಮನುಷ್ಯರನ್ನು ಮಾರಿ ಬಾಕಿ ತೀರಿಸಿಕೊಳ್ಳುವುದು ಸಾಧ್ಯವಿದ್ದಿತೆಂಬುದು ಹೊಳೆಯದೆ ಇರದು.

ಈ ಕಾಯಿದೆ ‘ನೀನು ಸ್ವತಂತ್ರ’ ಎಂದು ಯಾರಿಗೂ ಹೇಳಲಿಲ್ಲ. ‘ನಿನ್ನ ಒಡೆಯನಿಗೆ ನ್ಯಾಯಾಲಯ ನೆರವಾಗದು’ ಎಂದಷ್ಟೇ ಹೇಳಿತು. ಅದನ್ನೂ ಹೇಳಿದ್ದು ಆಂಗ್ಲಭಾಷೆಯಲ್ಲಿ, ಕಲ್ಕತ್ತೆಯಲ್ಲಿ. ನ್ಯಾಯಾಲಯದ ಮೆಟ್ಟಿಲನ್ನು ಎಂದೂ ಹತ್ತದ ಮೂಲದಾಳಿಗೆ ಆ ಬಾಗಿಲು ಒಡೆಯನ ಪಾಲಿಗೆ ಮುಚ್ಚಿದುದು ತಿಳಿಯುವ ಬಗೆ ಯಾವುದು? ಗುಲಾಮರನ್ನು ಕೊಳ್ಳುವುದೂ ಮಾರುವುದೂ ಶಿಕ್ಷಾರ್ಹ ಅಪರಾಧವಾದದ್ದು ದಂಡಸಂಹಿತೆ ಜಾರಿಗೆ ಬಂದ 1862ರ ಜನವರಿ 1ರಿಂದ. ಏಪ್ರಿಲ್ 7 ಯಾರ ಹಬ್ಬವೂ ಆಗದೆ ಹೋದುದಕ್ಕೆ ಮೊದಲನೆಯ ಕಾರಣ ಇದು.

ಎರಡನೆಯ ಕಾರಣ ಇದಕ್ಕಿಂತ ಗಹನವಾದುದು. ಮೂಲದ ಹಕ್ಕಿಗೆ ಕಾಯಿದೆಯ ಬೆಂಬಲ ತಪ್ಪಿದರೂ ಸಾಲದ ಹಕ್ಕಿಗೆ ತಪ್ಪಲಿಲ್ಲ. ಹಣ ಕೊಟ್ಟವನು ಹಣ ಕೇಳುವುದು ಎಲ್ಲ ನ್ಯಾಯಾಲಯಗಳೂ ಒಪ್ಪುವ ವ್ಯವಹಾರ. ಸಾಲದ ಲೆಕ್ಕಕ್ಕೆ ಒಂದು ಗುಣವುಂಟು: ದುಡಿಮೆಯ ಬೆಲೆಯನ್ನು ಸಾಲಗಾರನಲ್ಲದೆ ಸಾಲಿಗನೇ ಕಟ್ಟುವಲ್ಲಿ, ದುಡಿಮೆ ಬಡ್ಡಿಗೆ ಸಲ್ಲುತ್ತದೆಯೇ ಹೊರತು ಅಸಲಿಗೆ ಸಲ್ಲುವುದಿಲ್ಲ. ಅಸಲು ಮಗನಿಗೆ ಇಳಿಯುತ್ತದೆ. ಹೀಗೆ ಮೂಲದಾಳಿನ ಮಗ ಸಾಲದಾಳಾದನು. 19ನೆಯ ಶತಮಾನದ ಕೊನೆಗೆ ಬರೆದ ದಕ್ಷಿಣ ಕನ್ನಡ ಜಿಲ್ಲೆಯ ವಿವರಣೆಗಳಲ್ಲಿಯೂ ಈ ಎರಡು ಹೆಸರುಗಳು ಅಳಿದಿರಲಿಲ್ಲ. ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಹೋದವರು ಹಳೆಯ ಒಡೆಯನಿಂದ ದೂರವಾದರು. ಆದರೆ ಅಲ್ಲಿಗೂ ಅವರನ್ನು ಕರೆದೊಯ್ದದ್ದು ಮುಂಗಡದ ಹಣವೇ. ಜೀತವನ್ನು ರದ್ದುಪಡಿಸಿ, ಜೀತದ ಸಾಲವನ್ನೇ ಅಳಿಸಿಹಾಕಿದ ಕಾಯಿದೆ ಬಂದುದು 1976ರಲ್ಲಿ. 1843ರಿಂದ ಅಲ್ಲಿಗೆ 133 ವರ್ಷಗಳು.

ಕನ್ನಡ ಜಿಲ್ಲೆಯ ಉತ್ತರಭಾಗದಲ್ಲಿ ಇನ್ನೊಂದು ಬಗೆಯ ಬಿಡುಗಡೆ ನಡೆದಿದ್ದಿತು. ಪೋರ್ತುಗೀಜರು ಆಫ್ರಿಕದ ಪೂರ್ವತೀರದಿಂದ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲಸಿರುವ ಸಿದ್ದಿಯರಲ್ಲಿ ಬಹುಮಂದಿ ಅವರ ಸಂತತಿಯವರು. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಉಂಟು. ಕಾಯಿದೆಗೆ ಕಾಯದೆ ಕಾಲ್ನಡೆಯಿಂದಲೇ ಬಿಡುಗಡೆ ಪಡೆದ ಈ ಜನರಿಗೆ ಒಂದು ತಾರೀಖು ಇಲ್ಲ. ಆದರೆ ದಮಾಮಿಯ ಬಡಿತವುಂಟು, ಕುಣಿತವುಂಟು, ಕೌದಿಯುಂಟು. ಸಿದ್ದಿ ಹೆಂಗಸರು ಹಳೆಯ ಸೀರೆ ಬಟ್ಟೆಗಳ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿನತ್ತ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಹೂವೆಂದು ಕರೆಯುವ ಮಡಿಕೆಗಳನ್ನು ಇಡದಿದ್ದರೆ ಕೌದಿ ಬತ್ತಲೆಯೆಂದು ಅವರ ಭಾವನೆ. ಈ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿರುವ, ಕಪ್ಪು ಜನರ ಸಂಸ್ಕೃತಿಯ ಅಧ್ಯಯನಕ್ಕೆ ಮೀಸಲಾದ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದುವು. ಜೂನ್ ಹಬ್ಬವನ್ನು ಆಚರಿಸುವ ಜನರೂ ಸಿದ್ದಿಯರೂ ಒಂದೇ ಖಂಡದಿಂದ ಎರಡು ಕಡಲುಗಳ ಮೇಲೆ ಸಾಗಿಸಲ್ಪಟ್ಟವರು. ಅವರನ್ನು ಮತ್ತೆ ಒಂದೆಡೆ ಕೂಡಿಸಿದುದು ಹೆಂಗಸರ ಸೂಜಿ. 1980ರ ದಶಕದಲ್ಲಿ ನೀನಾಸಮ್ ಸಂಸ್ಥೆಯ ನೆರವಿನಿಂದ ಸಿದ್ದಿಯರೇ ನಟಿಸಿ, ಚಿನುವ ಅಚಿಬೆಯ ಕಾದಂಬರಿಯನ್ನು ಕನ್ನಡ ರಂಗದ ಮೇಲೆ ತಂದುದೂ ಇದೇ ಬಗೆಯ ಕೂಡುವಿಕೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿಯವರು, ಕರ್ನಾಟಕದ ವಿಧಾನ ಪರಿಷತ್ತನ್ನು ಪ್ರವೇಶಿಸಿದ್ದು 2020ರಲ್ಲಿ.

ಹಾಗಾದರೆ ಏಪ್ರಿಲ್ 7ನ್ನು ಹಬ್ಬವನ್ನಾಗಿ ಮಾಡಬೇಕೆ? ಒಡೆಯರ ಪಕ್ಷದವರಾಗಿದ್ದವರ ಮಕ್ಕಳು ಹಬ್ಬವನ್ನು ಗೊತ್ತುಮಾಡಿ, ಆಳುಗಳಾಗಿದ್ದವರ ಮಕ್ಕಳನ್ನು ಊಟಕ್ಕೆ ಕರೆಯುವುದು ಹಬ್ಬವಲ್ಲ. ಅದು ಹಳೆಯ ಪಡಿಯ ಹೊಸ ರೂಪ. ಹ್ಯೂಸ್ಟನ್ನಿನ ಹತ್ತು ಎಕರೆಯ ಪಾಠ ಇದೇ. ದಿನವನ್ನು ಆರಿಸುವ ಹಕ್ಕು ಬಿಡುಗಡೆ ಹೊಂದಿದವರದು. ಅವರಲ್ಲಿ ಅನೇಕರು ಈಗಾಗಲೇ ಏಪ್ರಿಲ್ 14ನ್ನು, ಡಾ. ಅಂಬೇಡ್ಕರರ ಜನ್ಮದಿನವನ್ನು, ಆರಿಸಿಕೊಂಡಿದ್ದಾರೆ. ಅಂದು ವಿಶ್ವವಿದ್ಯಾಲಯಗಳ ಆವರಣಗಳಲ್ಲಿ ಹಾಡೂ ಊಟವೂ ಉಂಟು.

ಉಳಿದವರ ಪಾಲಿನ ಕೆಲಸ ಬೇರೆ. ಕನ್ನಡ ಜಿಲ್ಲೆಯ ಉತ್ತರಭಾಗದ ಬಹುಪಾಲು 1862ರಲ್ಲಿ ಮುಂಬಯಿಗೆ ಸೇರಿತು. ದಕ್ಷಿಣ ಭಾಗ 1956ರಲ್ಲಿ ಮದರಾಸಿನಿಂದ ಬೇರೆಯಾಗಿ ಮೈಸೂರಿಗೂ, ಕಾಸರಗೋಡು ಕೇರಳಕ್ಕೂ ಹೋದುವು. ಜಿಲ್ಲೆ ಹೋಯಿತು, ಆದರೆ ಅದನ್ನು ಆಳಿದ ರೆವಿನ್ಯೂ ಬೋರ್ಡಿನ ಕಡತಗಳು ಎಗ್ಮೋರಿನ ದಾಖಲೆಭಂಡಾರದಲ್ಲಿಯೇ ಉಳಿದುವು. ಯಾರು ಯಾರನ್ನು ಯಾವ ಬೆಲೆಗೆ ಒತ್ತೆಯಿಟ್ಟುಕೊಂಡಿದ್ದರೆಂಬುದರ ಬರವಣಿಗೆಯನ್ನು ಅರಸತಕ್ಕ ಸ್ಥಳ ಅದು. ಮದರಾಸಿನ ಕನ್ನಡಿಗರಿಗೆ ಅಲ್ಲಿಗೆ ಹೋಗಲು ಒಂದು ಬಸ್ಸಿನ ದೂರ. ಆ ಕಾಗದಗಳನ್ನು ತೆರೆದು ಓದಿ ಕನ್ನಡದಲ್ಲಿ ಪ್ರಕಟಿಸಿದರೆ, 1843ರಲ್ಲಿ ಯಾರೂ ಕೂಗಿ ಹೇಳದ ಆಜ್ಞೆಯನ್ನು ತಡವಾಗಿಯಾದರೂ ಅದು ಸಲ್ಲಬೇಕಾದ ಜನರ ಭಾಷೆಯಲ್ಲಿ ಹೇಳಿದಂತಾಗುವುದು. ಗ್ಯಾಲ್ವೆಸ್ಟನ್ನಿಗೂ ಸುದ್ದಿ ತಡವಾಗಿಯೇ ತಲಪಿತು.